ಸೊನ್ನೆ ಬಿದ್ದ ಸಿಪಾಯಿ

ವಾಕೋ: ಫ್ರಿಜ್ಜಿನ ಬಾಗಿಲು

ಅಕ್ಕನ ಮಗಳು ದೀಪ್ತಿಯ ಮನೆಯಲ್ಲಿ ನಾನು ಮೊದಲು ಕಂಡ ಜಪಾನು ಅವಳ ಫ್ರಿಜ್ಜಿನ ಬಾಗಿಲು. ಅಲ್ಲಿ ಒಂದು ಆಯಸ್ಕಾಂತದ ಬಿಲ್ಲೆಯ ಕೆಳಗೆ ಪರೀಕ್ಷೆಯ ಹಾಳೆಯೊಂದು ನೇತಾಡುತ್ತಿತ್ತು. ಇಪ್ಪತ್ತು ಪ್ರಶ್ನೆ, ಇಪ್ಪತ್ತು ಕೆಂಪು ಸೊನ್ನೆ. ಕೆಳಗೆ ಇನ್ನೊಂದು ದೊಡ್ಡ ಸೊನ್ನೆ. ಅದರೊಳಗೆ ಸುರುಳಿ, ಸುತ್ತಲೂ ಹೂವಿನ ಎಸಳು. ದಡ್ಡತನವನ್ನೂ ಇಷ್ಟು ಕಲಾತ್ಮಕವಾಗಿ ತಿಳಿಸುವ ದೇಶ ಇನ್ನೊಂದಿರಲಾರದು ಅನ್ನಿಸಿತು.

ದೀಪ್ತಿ ಮೈಸೂರಿನ ಹುಡುಗಿ. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಡಾಕ್ಟರೇಟ್ ಮಾಡಿ, ವಾಕೋ ಊರಿನ ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಳೆ. ಶನಿವಾರ ಬೆಳಿಗ್ಗೆ ಸಮುದಾಯ ಭವನಕ್ಕೆ ಹೋಗಿ ಜಪಾನಿ ಕಲಿಯುತ್ತಾಳೆ. ಒಂದರಿಂದ ಹತ್ತನೆಯವರೆಗೆ ತರಗತಿಗೇ ಮೊದಲು ಬಂದವಳು ಇಪ್ಪತ್ತಕ್ಕೆ ಇಪ್ಪತ್ತು ತಪ್ಪು ಮಾಡಿ, ಅದನ್ನು ಕಣ್ಣೆದುರು ಅಂಟಿಸಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುತ್ತಿದ್ದಾಳೆ ಎಂದು ಮರುಗಿದೆ. ಕೇಳಿದರೆ ಮುಜುಗರವಾದೀತೆಂದು ಸುಮ್ಮನಾದೆ. ಊಟದ ಹೊತ್ತಿನಲ್ಲಿ ಮಾತ್ರ, ದೊಡ್ಡವರಾದ ಮೇಲೆ ಹೊಸ ಭಾಷೆ ನಾಲಿಗೆಗೆ ಹತ್ತುವುದು ಕಷ್ಟ, ಬೇಸರ ಮಾಡಿಕೊಳ್ಳಬಾರದು ಎಂದೆ.

"ನಂಗೇನ್ ಬೇಸರ ಚಿಕ್ಕಮ್ಮಾ? ಐ ಆಮ್ ಡೂಯಿಂಗ್ ಫೈನ್," ಅಂದಳು.

ಧೈರ್ಯವಂತೆ ಎಂದುಕೊಂಡೆ.

ಮೂವತ್ತೊಂದು ವರ್ಷ ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕುಳಿತು, 'ಗೊತ್ತಿಲ್ಲದಿದ್ದರೆ ಕೇಳು, ಊಹಿಸಬೇಡ' ಎಂದು ಹೊಸಬರ ತಲೆ ತಿಂದವಳು ನಾನು. ಸಂಬಳ ನಿಂತ ಕೂಡಲೇ ಆ ನಿಯಮವೂ ನಿಂತಿರಬೇಕು. ಅವತ್ತು ಒಂದು ಪ್ರಶ್ನೆ ಕೇಳಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ವಾಕೋ, ಎರಡನೆಯ ವಾರ: ಹುಲ್ಲುಹಗ್ಗದ ಪಡೆ

ದೀಪ್ತಿಗೆ ಜಪಾನಿ ಕಲಿಸುವವರು ಇವಾಬುಚಿ-ಸಾನ್. ಎಪ್ಪತ್ತೊಂಬತ್ತು ವರ್ಷ, ರೈಲ್ವೆಯಿಂದ ನಿವೃತ್ತರು. ಟೊಮೇಟೊದಂತೆ ಕಾಣುವ ಕಾಕಿ ಹಣ್ಣು ಒಂದು ಚೀಲ ಹಿಡಿದು ನನ್ನನ್ನು ನೋಡಲು ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿ ಜೋಡಿಸಿ, ಅದರತ್ತ ತೋರುಬೆರಳು ಚಾಚಿ "ಯೋಶಿ" ಅಂದರು. ಸರಿಯಿದೆ ಎಂದರ್ಥ. ಹಳಿ, ಸಿಗ್ನಲ್, ಬಾಗಿಲು, ಎಲ್ಲಕ್ಕೂ ಹೀಗೆ ಬೆರಳು ತೋರಿಸಿ ಬಾಯಿಬಿಟ್ಟು ಹೇಳುವುದು ಅಲ್ಲಿನ ರೈಲ್ವೆಯವರ ಪಾಠವಂತೆ. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಅವರ ಬೆರಳು ಇನ್ನೂ ಡ್ಯೂಟಿಯಲ್ಲಿತ್ತು. ಟೀ ಕುದಿಸಿ ಆರಿಸಿದ ನಮ್ಮ ಗ್ಯಾಸ್ ಒಲೆಗೂ ಒಂದು "ಯೋಶಿ" ಸಿಕ್ಕಿತು. ನಮ್ಮಲ್ಲಿ ಬೀದಿಯ ತಿರುವಿನವರೆಗೆ ಹೋದವರು ವಾಪಸು ಬಂದು ಬೀಗ ಜಗ್ಗಿ ನೋಡುತ್ತೇವೆ. ಇವರು ಬೆರಳಲ್ಲೇ ಜಗ್ಗುತ್ತಾರೆ.

ನಾನು ಪತ್ರಿಕೆಯವಳೆಂದು ದೀಪ್ತಿ ಮೊದಲೇ ಹೇಳಿಟ್ಟಿದ್ದಳು. ಅವರು ನನ್ನನ್ನು 'ಸೆನ್ಸೇ', ಎಂದರೆ ಗುರುಗಳೇ, ಎಂದು ಕರೆದು, ಎರಡೂ ಕೈಯಲ್ಲಿ ಒಂದು ಕರಡು ಪುಸ್ತಿಕೆ ಮುಂದೆ ಹಿಡಿದರು. ಒಂದು ಪುಟ ಜಪಾನಿ, ಎದುರು ಪುಟ ಇಂಗ್ಲಿಷು. ನಿಘಂಟು ನೋಡಿ ನೋಡಿ ಇಂಗ್ಲಿಷಿಗೆ ತಂದವರೂ ಅವರೇ. ಹನ್ನೆರಡು ವರ್ಷದ ಕೆಲಸ.

ಸುಮಾರು ನೂರೈವತ್ತು ವರ್ಷಗಳ ಹಿಂದೆ, ಸೇನಾಧಿಪತಿಗಳಾದ ಷೋಗನ್‌ಗಳ ಆಳ್ವಿಕೆ ಮುಗಿದು ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂದಾಗ, ಜಪಾನೀಯರು ಜಪಾನೀಯರ ಮೇಲೆಯೇ ಯುದ್ಧ ಮಾಡಿದ್ದರು. ಇವಾಬುಚಿ-ಸಾನ್ ಅವರದು ಉತ್ತರದ ಗುಡ್ಡಗಳ ನಡುವಿನ ಊರು, ಸೋತ ಪಕ್ಷದ ಕಡೆಯದು. ಆ ಊರಿನಿಂದಲೂ ಮೂವತ್ತೆಂಟು ಜನ ತಾವಾಗಿಯೇ ಮುಂದೆ ಬಂದು ಕಾಲಾಳುಗಳಾದರು. ರೈತರು, ಒಬ್ಬ ಬಡಗಿ, ದೇವಸ್ಥಾನದಲ್ಲಿ ನಗಾರಿ ಬಾರಿಸುವವನೊಬ್ಬ. ಸಮವಸ್ತ್ರ ಇರಲಿಲ್ಲ. ಗುರುತಿಗೆ ಎಡ ತೋಳಿಗೆ ಭತ್ತದ ಹುಲ್ಲಿನ ಹಗ್ಗ ಕಟ್ಟಿಕೊಂಡರು. ಊರಿನವರು ಈಗಲೂ ಅದನ್ನು ಹುಲ್ಲುಹಗ್ಗದ ಪಡೆ ಎನ್ನುತ್ತಾರೆ. 'ಯಾರು ಬರುತ್ತೀರಿ' ಎಂದು ಊರ ಮುಖ್ಯಸ್ಥ ಕೇಳಿದ್ದೇ ತಡ, ಮೂವತ್ತೆಂಟು ಕೈ ಮೇಲೆದ್ದವು ಎಂಬುದು ಊರಿನ ಕಥೆ. ಅದಕ್ಕೂ ಮುಂಚೆ ಎಲ್ಲರಿಗೂ ಸಾಕೆ ಎಂಬ ಅಕ್ಕಿಯ ಮದ್ಯ ಹಂಚಲಾಯಿತು ಎಂಬುದು ದಾಖಲೆ.

ದಾಖಲೆ ಬರೆದವನು ಸಾಕೆ ಅಂಗಡಿಯ ಗುಮಾಸ್ತ. ಪಡೆಯ ಜೊತೆಗೇ ನಡೆದು ದಿನಕ್ಕೊಂದು ಸಾಲು ಬರೆದ. 'ಮಳೆ. ಶತ್ರು ಬರಲಿಲ್ಲ.' 'ಮಳೆ. ಮೂಲಂಗಿ ಮುಗಿಯಿತು.' 'ಬಿಸಿಲು. ಶತ್ರು ಬರಲಿಲ್ಲ. ಎಲ್ಲರೂ ಬಟ್ಟೆ ಒಗೆದರು.' ಹೀಗೆ ಮೂರು ವಾರಕ್ಕೂ ಮಿಕ್ಕಿ ಒಂದು ಕಣಿವೆ ಕಾದರು. ಶತ್ರು ಇನ್ನೊಂದು ಕಣಿವೆಯಿಂದ ಹೋಗಿಬಿಟ್ಟಿದ್ದ. ಆಮೇಲೆ ನದಿಯೊಂದನ್ನು ದಾಟಿ ಅರ್ಧ ಬೆಳಗು ಕಾದಾಡಿದರು. ಐವರು ಸತ್ತರು. ಉಳಿದವರು ಕೊಯ್ಲಿಗೆ ಊರಿಗೆ ಮರಳಿದರು. ಪಡೆಯ ಸೇವಾ ಚರಿತ್ರೆ ಇಷ್ಟೇ. ಎಲ್ಲಿಯೂ ಒಂದು ವಿಶೇಷಣವಿಲ್ಲ. ಆ ಗುಮಾಸ್ತ ನನ್ನ ಕಾಲಕ್ಕೆ ಸಿಕ್ಕಿದ್ದರೆ ಸಂದರ್ಶನವಿಲ್ಲದೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೆ.

ಇವಾಬುಚಿ-ಸಾನ್ ಅವರ ಇಂಗ್ಲಿಷು ಮಾತ್ರ ಬಹಳ ಮರ್ಯಾದಸ್ಥ. ಅವರ ಅನುವಾದದಲ್ಲಿ ಶತ್ರುಗಳು ಕಣಿವೆಗೆ ದಯಮಾಡಿಸಲಿಲ್ಲ. ನದಿಯ ಬಳಿ ಗುಂಡುಗಳು ದಯಮಾಡಿಸಿದವು. ಅದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ. ಅವರು ಕೇಳಿದ್ದು ಲೆಕ್ಕ, ಹೆಸರು, ದಿನ ಹೊಂದುತ್ತವೆಯೇ ನೋಡಿ ಎಂದಷ್ಟೇ. ನದಿಯ ದಂಡೆಯಲ್ಲಿ ಒಂದು ಫಲಕ ನಿಲ್ಲಿಸುತ್ತಾರೆ, ಮೂವತ್ತೆಂಟು ಹೆಸರೂ ಅದರ ಮೇಲೆ ಬರುತ್ತವೆ.

ದೀಪ್ತಿ ಲ್ಯಾಬಿಗೆ ಹೋದ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ಕೊನೆಯ ಪಟ್ಟಿಯಲ್ಲಿ ಒಬ್ಬೊಬ್ಬನ ಹೆಸರಿನ ಮುಂದೆ ಅವನು ನದಿಯ ಬಳಿ ಏನು ಮಾಡಿದ ಎಂಬ ಒಂದು ಸಾಲು, ಪಕ್ಕದಲ್ಲಿ ದಿನಚರಿಯ ಪುಟಸಂಖ್ಯೆ. ಗುಮಾಸ್ತನ ದಿನಚರಿಯಿಂದ ಆಯ್ದ ಸಾಲುಗಳು ಪುಸ್ತಿಕೆಯ ಆರಂಭದಲ್ಲೇ ಇದ್ದವು. ಹೊಂದಿದ ಸಾಲಿಗೆಲ್ಲ ಅಭ್ಯಾಸದಂತೆ ರೈಟ್ ಮಾರ್ಕು ಹಾಕುತ್ತ ಹೋದೆ. ಮೂವತ್ತೇಳು ರೈಟು. ಒಂದು ಸಾಲು ನಿಂತಿತು. 'ಕಿಸುಕೆ, ನದಿಯ ಬಳಿ ಕಾಲಿಗೆ ಗುಂಡು ತಗಲಿ ಮನೆಗೆ ಮರಳಿದ.' ಇದಕ್ಕೆ ಪುಟಸಂಖ್ಯೆ ಇರಲಿಲ್ಲ. ಪುಸ್ತಿಕೆಯ ನಾಲ್ಕನೆಯ ಪುಟ ತಿರುಗಿಸಿದರೆ, ನದಿ ದಾಟುವ ಮುನ್ನ ಹಾಜರಿ ಕೂಗಿದಾಗ ಓಗೊಟ್ಟವರು ಮೂವತ್ತೇಳೇ ಜನ. ಕಿಸುಕೆಯ ಸಾಲಿಗೆ ಸುತ್ತು ಹಾಕಿದೆ. ನಮ್ಮ ಡೆಸ್ಕಿನಲ್ಲಿ ಸುತ್ತು ಬಿದ್ದರೆ ವರದಿಗಾರ ತಾನಾಗಿ ಎದ್ದು ಬರಬೇಕು. ಪ್ರಶ್ನೆ ಬರೆಯುವ ಪದ್ಧತಿಯಿಲ್ಲ.

ಸಂಜೆ ಇವಾಬುಚಿ-ಸಾನ್ ಬಂದು, ಪುಸ್ತಿಕೆಯನ್ನು ತೆರೆದು ನೋಡದೆ, ಹಣೆಗೊತ್ತಿಕೊಂಡು ಒಯ್ದರು.

ರೈಲಿನಲ್ಲಿ

ಮುಂದಿನ ಭಾನುವಾರ ಊರಿನ ಸಮಿತಿಯ ಸಭೆ. ಕರಡಿಗೆ ಒಪ್ಪಿಗೆ ಸಿಕ್ಕರೆ ಅವತ್ತೇ ಮುದ್ರಣಕ್ಕೆ. ನಮ್ಮಿಬ್ಬರಿಗೂ ಆಹ್ವಾನವಿತ್ತು. ಬೆಳಿಗ್ಗೆ ನಿಲ್ದಾಣದಲ್ಲಿ ಸಿಕ್ಕ ಇವಾಬುಚಿ-ಸಾನ್ ಒಂದು ವಾರದಲ್ಲಿ ಐದು ವರ್ಷ ಹೆಚ್ಚು ಮುದುಕರಾದಂತಿದ್ದರು. ಹೆಗಲಿನ ಚೀಲದ ತುಂಬ ಕಾಗದ. ನನ್ನನ್ನು ಕಂಡೊಡನೆ ಸೊಂಟ ಬಗ್ಗಿಸಿ "ಸುಮಿಮಾಸೆನ್" ಅಂದರು. ಸೀಟಿನಲ್ಲಿ ಕುಳಿತ ಮೇಲೆ ಇನ್ನೊಮ್ಮೆ. ಸುರಂಗ ದಾಟಿದ ಮೇಲೆ ಮತ್ತೊಮ್ಮೆ.

ಕ್ಷಮಿಸಿ ಎಂಬ ಆ ಪದವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಂಡರೂ ಅದೇ ಪದ, ಲಿಫ್ಟಿನಲ್ಲಿ ಜಾಗ ಕೊಟ್ಟರೂ ಅದೇ. ನಮ್ಮಲ್ಲಿ ಕಾಲು ತುಳಿದವನೂ 'ಸ್ವಲ್ಪ ಸರೀರಿ' ಅನ್ನುತ್ತಾನೆ. ಇಲ್ಲಿ ತುಳಿಸಿಕೊಂಡವನೇ ಕ್ಷಮೆ ಕೇಳುತ್ತಾನೆ. ಹಾಗಾಗಿ ಅವರು ಕೇಳುತ್ತಿದ್ದುದು ನಿಜವಾದ ಕ್ಷಮೆ ಎಂದು ಹೊಳೆಯಲಿಲ್ಲ.

ಚಿಕ್ಕ ಗಾಡಿಗೆ ಬದಲಾಯಿಸಿದ ಮೇಲೆ ಗುಡ್ಡಗಳು ಹತ್ತಿರ ಬಂದವು. ಚಾಲಕ ಹೊರಡುವ ಮುನ್ನ ಸಿಗ್ನಲಿಗೆ ಬೆರಳು ತೋರಿಸಿದ. ಇವಾಬುಚಿ-ಸಾನ್ ಕೂಡ ಕುಳಿತಲ್ಲೇ ತೋರಿಸಿದರು. ನಿಮ್ಮಲ್ಲಿ ಗಾಡಿ ಹೇಗೆ ಹೊರಡುತ್ತದೆ ಎಂದು ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಬಸ್ ಕಂಡಕ್ಟರು ಜನ ಹತ್ತಿದ ಮೇಲೆ ಬಾಗಿಲು ತಟ್ಟಿ 'ರೈಟ್, ರೈಟ್' ಅನ್ನುತ್ತಾನೆ ಎಂದೆ. ಹಾಗೆಂದರೆ 'ಸರಿ' ಎಂತಲೂ ಹೌದು, 'ಇನ್ನು ಹೊರಡು' ಎಂತಲೂ ಹೌದು. ಅವರಿಗೆ ಅದು ಹಿಡಿಸಿತು. "ರೈಟೊ, ರೈಟೊ," ಎಂದು ಕಿಟಕಿಗೆ ಹೇಳಿ ನೋಡಿದರು. ಆ ದಿನದ ಮೊದಲ ನಗು.

ಆಮೇಲೆ ಅವರು ನನ್ನತ್ತ ತಿರುಗಿ, ಕಿಸುಕೆಯ ವಿಷಯದಲ್ಲಿ ಸೆನ್ಸೇ ಅವರಿಗೆ ವಿಶೇಷ ಧನ್ಯವಾದ ಅಂದರು. ಕಿಸುಕೆ ಅವರ ಮುತ್ತಜ್ಜನ ತಂದೆ. ಆ ಕಾಲದ ರೈತರು ದಾಖಲೆಯಲ್ಲಿ ಮನೆತನದ ಹೆಸರು ಬಳಸುವಂತಿರಲಿಲ್ಲವಾದ್ದರಿಂದ ನನಗೆ ಸಂಬಂಧ ಗೊತ್ತಾಗಿರಲಿಲ್ಲ. ಅವನು ಊರಿಕೊಂಡು ಬಂದ ಕೋಲು ಮನೆಯಲ್ಲಿ ಇನ್ನೂ ಇದೆಯಂತೆ. ಹೊಸವರ್ಷದ ದಿನ ಮಾತ್ರ ಅಜ್ಜಿ ಅದನ್ನು ಮುಟ್ಟಲು ಬಿಡುತ್ತಿದ್ದಳಂತೆ.

ಮೂವತ್ತೊಂದು ವರ್ಷದಲ್ಲಿ ನನ್ನ ಸುತ್ತು ಬಿದ್ದ ಯಾವ ವರದಿಗಾರನೂ ನನಗೆ ಧನ್ಯವಾದ ಹೇಳಿದ್ದಿಲ್ಲ. ಎಂಥ ಸುಸಂಸ್ಕೃತ ದೇಶ ಎಂದು ಮೆಚ್ಚಿಕೊಂಡೆ. ಪುಟಸಂಖ್ಯೆ ಹುಡುಕಿ ತಂದಿರಬೇಕು, ಸಭೆಯಲ್ಲಿ ಹೇಳುತ್ತಾರೆ ಎಂದುಕೊಂಡೆ. ಮತ್ತೆ ಕೇಳಲಿಲ್ಲ.

ಗುಡ್ಡದ ಊರು: ಮೂವತ್ತೇಳು ತಪ್ಪು

ಸಭೆ ನಡೆದದ್ದು ದೇವಸ್ಥಾನದ ಪಕ್ಕದ ಹಜಾರದಲ್ಲಿ, ಚಾಪೆಯ ಮೇಲೆ. ಎಲ್ಲರೂ ಮಂಡಿ ಮಡಚಿ ಕುಳಿತರು. ನನ್ನ ಮಂಡಿಗಳು ಅಂತಾರಾಷ್ಟ್ರೀಯ ಸೌಹಾರ್ದಕ್ಕೆ ಒಪ್ಪಲಿಲ್ಲವಾಗಿ ಒಂದು ಕುಳ್ಳ ಸ್ಟೂಲು ಕೊಟ್ಟರು. ಎತ್ತರದಲ್ಲಿ ಕುಳಿತು ನ್ಯಾಯಾಧೀಶೆಯ ಹಾಗೆ ಕಾಣುತ್ತಿದ್ದೆನೇನೋ. ಎದುರಿಗೆ ಸಮಿತಿಯ ಅಧ್ಯಕ್ಷೆ ಹೋಷಿ-ಸಾನ್, ಎಪ್ಪತ್ತು ದಾಟಿದ, ಉಪ್ಪಿನಕಾಯಿ ಅಂಗಡಿ ನಡೆಸುವ ಗಟ್ಟಿ ಹೆಂಗಸು. ನದಿ ದಾಟಿ ಸತ್ತ ಐವರಲ್ಲಿ ಒಬ್ಬ ಅವರ ಮನೆತನದವನು. ಪಕ್ಕದಲ್ಲಿ ದೇವಸ್ಥಾನದ ಅರ್ಚಕರು, ಮಾತಿಗಿಂತ ಟೀ ಹೆಚ್ಚು.

ಇವಾಬುಚಿ-ಸಾನ್ ಪುಸ್ತಿಕೆಯನ್ನು ಮುಂದಿಟ್ಟು, ಎರಡೂ ಅಂಗೈ ಚಾಪೆಗೂರಿ, ಹಣೆ ಬಹುತೇಕ ನೆಲಕ್ಕೆ ತಾಗುವಷ್ಟು ಬಗ್ಗಿದರು. ಅದೇ ಭಂಗಿಯಲ್ಲಿ ಮಾತಾಡಿದರು. ದೀಪ್ತಿ ನನ್ನ ಕಿವಿಯಲ್ಲಿ ಕನ್ನಡಕ್ಕೆ ತರುತ್ತಿದ್ದಳು, ಅರ್ಧ ದಾರಿಯಲ್ಲಿ ಅವಳ ದನಿ ಕುಗ್ಗಿತು.

ಭಾರತದ ಸೆನ್ಸೇ ತನ್ನ ಕೆಲಸದಲ್ಲಿ ಮೂವತ್ತೇಳು ತಪ್ಪು ಹಿಡಿದಿದ್ದಾರೆ. ತಾನು ಒಂದು ವಾರ ಕುಳಿತು ಮೂಲದ ಜೊತೆ ಒಂದೊಂದನ್ನೂ ಹೋಲಿಸಿ ನೋಡಿದರೂ ಆ ತಪ್ಪುಗಳು ಕಾಣಿಸಲಿಲ್ಲ. ತಪ್ಪು ಮಾಡುವುದಕ್ಕಿಂತ ಅದು ಕಾಣದಿರುವುದು ದೊಡ್ಡ ದೋಷ. ಸರಿಯಿರುವುದು ಒಂದೇ ಒಂದು ಸಾಲು. ಆದ್ದರಿಂದ ಈ ಕೆಲಸವನ್ನು ತಾನು ಬಿಟ್ಟುಕೊಡುವುದಾಗಿ ಹೇಳಿದರು.

ನಾನು ಯಾವ ಮೂವತ್ತೇಳು ತಪ್ಪು ಎಂದೆ. ದೀಪ್ತಿ ಪುಸ್ತಿಕೆಯನ್ನು ಎಳೆದುಕೊಂಡಳು. ಅದನ್ನು ಅವಳು ನೋಡಿದ್ದು ಅದೇ ಮೊದಲು. ಪಟ್ಟಿಯ ಪುಟ ತೆರೆದು, ತುಟಿ ಕಚ್ಚಿ, ನನ್ನನ್ನು ನೋಡಿದಳು.

"ಚಿಕ್ಕಮ್ಮಾ, ಇದು ರೈಟ್ ಮಾರ್ಕಾ?"

"ಮತ್ತೇನು, ಕೊಕ್ಕರೆಯಾ?"

"ಅಯ್ಯೋ ದೇವರೇ. ಇಲ್ಲಿ ತಪ್ಪಿದ್ರೆ ಈ ಮಾರ್ಕ್ ಹಾಕೋದು. ಸರಿ ಇದ್ರೆ ಸುತ್ತು ಹಾಕ್ತಾರೆ."

ನನ್ನ ಕಣ್ಣ ಮುಂದೆ ಫ್ರಿಜ್ಜಿನ ಬಾಗಿಲು ಬಂತು. "ಹಾಗಾದ್ರೆ ನಿನ್ನ ಇಪ್ಪತ್ತು ಸೊನ್ನೆ?"

"ಇಪ್ಪತ್ತಕ್ಕೆ ಇಪ್ಪತ್ತು. ಹೂವು ಬೇರೆ ಬರ್ದಿದಾರೆ, ಎಕ್ಸಲೆಂಟ್ ಅಂತ. ಅದಕ್ಕೇನಾ ನೀವು ದಿನಾ ಸಮಾಧಾನ ಮಾಡ್ತಿದ್ದಿದ್ದು?"

ಎದುರಿಗೆ ಆ ಮುದುಕರು ಇನ್ನೂ ತಲೆ ಎತ್ತಿರಲಿಲ್ಲ. ಮೊದಲು ಅವರನ್ನು ಎಬ್ಬಿಸು, ಮೂವತ್ತೇಳೂ ಸರಿ ಎಂದು ಹೇಳು ಎಂದೆ. ದೀಪ್ತಿ ಹೇಳಿದಳು. ಹೋಷಿ-ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅರ್ಚಕರ ಟೀ ಗಂಟಲಲ್ಲಿ ಸಿಕ್ಕಿಕೊಂಡಿತು. ಇವಾಬುಚಿ-ಸಾನ್ ತಲೆ ಎತ್ತಿದರು, ಕಣ್ಣು ಒದ್ದೆಯಾಗಿತ್ತು. ಅವರ ಬೆರಳು ತಾನಾಗಿ ಮೇಲೆದ್ದು ಸಾಲುಗಳ ಮೇಲೆ ಇಳಿಯತೊಡಗಿತು. ಯೋಶಿ, ಯೋಶಿ, ಯೋಶಿ. ಕೆಂಪು ಸುತ್ತಿನ ಬಳಿ ಬಂದು ನಿಂತಿತು.

ದೀಪ್ತಿಗೂ ಅದೇ ಗಳಿಗೆಯಲ್ಲಿ ಹೊಳೆಯಿತು. ದನಿ ತಗ್ಗಿಸಿ, "ಚಿಕ್ಕಮ್ಮಾ, ಇದನ್ನ ಹೇಳ್ಲೇಬೇಕಾ? ಬಿಟ್ಬಿಡೋಣ. ಒಂದು ಸಾಲು ತಾನೇ," ಅಂದಳು.

ಬಿಡಬಹುದಿತ್ತು. ಇಡೀ ಹಜಾರದಲ್ಲಿ ಜಪಾನಿ ಬಾರದವಳು ನಾನೊಬ್ಬಳೇ. ಸುತ್ತಿನ ಅರ್ಥ ಅವರ ಭಾಷೆಯಲ್ಲಿ 'ಸರಿ' ಎಂದಿದ್ದರೆ ಹಾಗೇ ಇರಲಿ ಎನ್ನಬಹುದಿತ್ತು. ಕೋಲು ಮನೆಯಲ್ಲಿ ಇರುತ್ತಿತ್ತು, ಹೆಸರು ಫಲಕದಲ್ಲಿ ಇರುತ್ತಿತ್ತು. ಆದರೆ ಮೂವತ್ತೇಳು ಸಾಲನ್ನು ಮೂಲದ ಜೊತೆ ಮತ್ತೆ ಹೋಲಿಸಿ ನೋಡಿದ ಮನುಷ್ಯನಿಗೆ ಮೂವತ್ತೆಂಟನೆಯದನ್ನು ದಯೆಯಿಂದ ಪಾಸು ಮಾಡುವುದು ಅವಮಾನ.

"ಲೆಕ್ಕ ಹೊಂದ್ತಿಲ್ಲ ಅಂತ ಹೇಳು," ಅಂದೆ. "ಹಾಜರಿ ಮೂವತ್ತೇಳು, ಪಟ್ಟಿ ಮೂವತ್ತೆಂಟು. ಓಡಿಹೋದ ಅಂತ ಹೇಳ್ಬೇಡ. ಅದು ನನಗೆ ಗೊತ್ತಿಲ್ಲ."

ಅವಳು ಹೇಳಿ ಮುಗಿಸಿದಳು. ಇವಾಬುಚಿ-ಸಾನ್ ಚೀಲದಿಂದ ಗುಮಾಸ್ತನ ದಿನಚರಿಯ ನಕಲು ಪ್ರತಿ ತೆಗೆದರು. ಪುಟ ಹುಡುಕಬೇಕಾಗಿ ಬರಲಿಲ್ಲ. ಅದು ತಾನಾಗಿ ಅಲ್ಲಿಗೇ ತೆರೆದುಕೊಂಡಿತು, ಬಹಳ ಸಲ ತೆರೆದ ಪುಸ್ತಕದ ಹಾಗೆ. ಅವರು ಓದಿದರು, ದೀಪ್ತಿ ಕನ್ನಡದಲ್ಲಿ ಹೇಳಿದಳು. 'ಬೆಳಗಿನ ಮಂಜು. ಕಿಸುಕೆ ಇಲ್ಲ. ಅವನ ಅನ್ನವನ್ನು ಇಬ್ಬರು ಹಂಚಿಕೊಂಡರು.'

ಹನ್ನೆರಡು ವರ್ಷದ ಕೆಲಸದಲ್ಲಿ ತಾನು ದಾಖಲೆ ಬಿಟ್ಟು ಅಜ್ಜಿಯ ಬಾಯಿಂದ ಬರೆದದ್ದು ಆ ಒಂದೇ ಸಾಲು ಎಂದರು. ಊರಿನವರು ಯಾರೂ ಮುಖದ ಮೇಲೆ ಕೇಳುವುದಿಲ್ಲವೆಂದು ಗೊತ್ತಿತ್ತು, ಅದಕ್ಕೇ ಹೊರಗಿನವರ ಕೈಗೆ ಕೊಟ್ಟದ್ದಂತೆ. ಮೂವತ್ತೇಳು ನಿಜ ಬಿದ್ದುಹೋಗಿ ಒಂದು ಸುಳ್ಳು ಪಾಸಾದಾಗ, ಇದೇ ತನಗೆ ಶಿಕ್ಷೆ ಎಂದುಕೊಂಡರಂತೆ. ಆದರೂ ಆ ಸುತ್ತನ್ನು ನೋಡಿ ಸಂತೋಷವಾಯಿತು. ಅದಕ್ಕೂ ಕ್ಷಮಿಸಬೇಕು ಎಂದರು.

ಹೋಷಿ-ಸಾನ್ ಒಂದು ತಟ್ಟೆ ಮೂಲಂಗಿ ಉಪ್ಪಿನಕಾಯಿಯನ್ನು ಅವರ ಮುಂದಕ್ಕೆ ಸರಿಸಿದರು. "ಇವಾಬುಚಿ-ಸಾನ್, ಊರಿಗೆಲ್ಲ ಗೊತ್ತಿದ್ದದ್ದೇ. ನೀವು ಬರೆಯುತ್ತೀರೋ ಇಲ್ಲವೋ ಅಂತ ಕಾಯ್ತಾ ಇದ್ದೆವು, ಅಷ್ಟೇ."

ಇನ್ನೊಂದು ಮಾತೂ ಹೇಳಿದರು. ದೀಪ್ತಿ ಅದನ್ನು ಕನ್ನಡಕ್ಕೆ ತಂದಳು. "ಆ ಅನ್ನ ಹಂಚಿಕೊಂಡ ಇಬ್ಬರಲ್ಲಿ ಒಬ್ಬ ನಮ್ಮವನು. ಕೊನೆಯ ದಿನ ಒಂದೂವರೆ ಪಾಲು ಉಂಡು ಹೋದ. ನಿಮ್ಮವನ ಋಣ ನಮ್ಮ ಮೇಲಿದೆ."

ಅರ್ಚಕರು ಅವತ್ತು ಆಡಿದ ಒಂದೇ ಮಾತು, ಹಾಗಾದರೆ ಮೂವತ್ತೆಂಟು ಹೆಸರೂ ಇರಲಿ ಎಂದು.

ನದಿ

ಮಧ್ಯಾಹ್ನ ನದಿಗೆ ಹೋದೆವು. ದೊಡ್ಡ ಯುದ್ಧದ ನದಿಯೆಂದು ಕಾವೇರಿಯಷ್ಟಾದರೂ ಇದ್ದೀತೆಂದುಕೊಂಡಿದ್ದೆ. ಸೀರೆ ಮೊಣಕಾಲಿಗೆತ್ತಿದರೆ ದಾಟಬಹುದಾದಷ್ಟು ನೀರು. ಫಲಕ ನಿಲ್ಲಿಸಲು ಎರಡು ಕಬ್ಬಿಣದ ಕಂಬ ಆಗಲೇ ನೆಟ್ಟಿದ್ದರು. ಆಚೆ ದಡದಿಂದ ಒಂದು ಕಾಲುದಾರಿ ಗುಡ್ಡ ಬಳಸಿ ಹೊರಟಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ಕೇಳಿದೆ. ಈ ಸಲ ಊಹಿಸಲಿಲ್ಲ. ಅದು ಯುದ್ಧ ನಡೆದ ಬಯಲಿಗೆ ಎಂದರು. ಮತ್ತೆ ಈಚೆ ದಡದಲ್ಲಿ ನಾವು ಬಂದ ದಾರಿ? ಅದು ನಮ್ಮ ಮನೆಗೆ, ಎಂದರು ಇವಾಬುಚಿ-ಸಾನ್. ಕೋಲು ಮಾತ್ರ ಸುಳ್ಳಲ್ಲ, ಗುಡ್ಡದ ದಾರಿ ಯಾರಿಗಾದರೂ ಕೋಲು ಬೇಡುತ್ತದೆ ಎಂದೂ ಸೇರಿಸಿದರು.

ವಾಪಸು ಹೊರಡುವಾಗ ರೈಲಿನ ಬಾಗಿಲು ಮುಚ್ಚಿತು. ಅವರು ಬೆರಳು ಚಾಚಿದರು. ಆದರೆ ಯೋಶಿ ಅನ್ನಲಿಲ್ಲ. "ರೈಟೊ," ಅಂದರು.

ಮೈಸೂರು

ಮೂರು ತಿಂಗಳ ಮೇಲೆ ಅಂಚೆಯಲ್ಲಿ ಪುಸ್ತಿಕೆ ಬಂತು. ಶತ್ರುಗಳು ಈಗಲೂ ದಯಮಾಡಿಸಿಲ್ಲ, ಆ ವಾಕ್ಯಗಳನ್ನು ಅವರು ಬದಲಿಸಿಲ್ಲ. ಕೊನೆಯ ಪಟ್ಟಿಯಲ್ಲಿ ಮೂವತ್ತೆಂಟು ಹೆಸರು. ಕಿಸುಕೆಯ ಮುಂದೆ ಗುಮಾಸ್ತನ ಸಾಲು ಇದ್ದ ಹಾಗೇ ಇದೆ, ಅನ್ನ ಹಂಚಿಕೊಂಡದ್ದೂ ಸೇರಿ. ಪಕ್ಕದಲ್ಲಿ ಪುಟಸಂಖ್ಯೆಯೂ ಇದೆ.

ಒಳಗೆ ಮಡಚಿಟ್ಟ ಒಂದು ಹಾಳೆಯೂ ಇತ್ತು. ಅದರಲ್ಲಿ ಕಿಸುಕೆಯ ಹೆಸರನ್ನು ಕುಂಚದಿಂದ ಬರೆದು, ಪಕ್ಕದಲ್ಲಿ ಕೆಂಪಿನಲ್ಲಿ ಒಂದು ದೊಡ್ಡ ರೈಟ್ ಮಾರ್ಕು ಎಳೆದಿದ್ದರು. ಅವರ ಊರಲ್ಲಿ ಅದು ತಪ್ಪು, ನಮ್ಮ ಊರಲ್ಲಿ ಸರಿ. ಅದರ ಕೆಳಗೆ ದೀಪ್ತಿಯಿಂದ ಶನಿವಾರಗಳಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದು ಅಕ್ಷರವೂ ರೈಲು ಕಾಯುವವರಂತೆ ದೂರ ದೂರ ನಿಂತು, ಒಂದು ಪದ. ರೈಟ್.

ನಾನು ಕೆಂಪು ಪೆನ್ಸಿಲ್ ಹುಡುಕಿ ಆ ಪದಕ್ಕೆ ಒಂದು ಸುತ್ತು ಹಾಕಿದೆ. ಬರದ ಕೈಯಲ್ಲಿ ಎಸಳುಗಳನ್ನೂ ಬರೆದೆ. ಹಾಳೆ ಈಗ ನನ್ನ ಫ್ರಿಜ್ಜಿನ ಬಾಗಿಲ ಮೇಲಿದೆ. ಮನೆಗೆ ಬಂದವರು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಏನೂ ಕೇಳುವುದಿಲ್ಲ. ಎಲ್ಲರೂ ನನ್ನ ಹಾಗೆಯೇ ಸೌಜನ್ಯವಂತರು.